ಗೋಡೆಯಲ್ಲಿದ್ದೂ ಕಳುವಾದ ಯೇಸು

"ಎಣಿಸಿ ಸರ್. ಜೋರಾಗಿ ಎಣಿಸಿ," ಎಂದಳು ಪೆಟ್ರೊನಿಲ್ಲಾ, ಸ್ಟೂಲಿನ ಕಾಲುಗಳನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡು.

ಸ್ಟೂಲಿನ ಮೇಲೆ ಲಕ್ಷ್ಮೀಪತಿ ನಿಂತಿದ್ದ. ಐವತ್ತನಾಲ್ಕು ವರ್ಷ ವಯಸ್ಸು, ತೊಂಬತ್ತೊಂದು ಕಿಲೋ ತೂಕ. ಬಲಗೈಯಲ್ಲಿ ಭೂತಗನ್ನಡಿ, ಎಡಗೈ ಗೋಡೆಯ ಮೇಲೆ, ಮೂಗು ಚಿತ್ರಪಟದ ಯೇಸುವಿನ ಮೊಣಕಾಲಿಗೆ ತಗಲುವಷ್ಟು ಹತ್ತಿರ.

"ಒಂದು... ಎರಡು... ಮೂರು... ನಾಲ್ಕು."

"ಮತ್ತೆ?"

"ಮತ್ತೇನೂ ಇಲ್ರೀ. ನಾಲ್ಕಕ್ಕೇ ಮುಗೀತು."

"ನೋಡಿದ್ರಾ!" ಪೆಟ್ರೊನಿಲ್ಲಾ ಎರಡೂ ಕೈ ಮೇಲೆತ್ತಿದಳು. ಸ್ಟೂಲು ಓಲಾಡಿತು. ಲಕ್ಷ್ಮೀಪತಿ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡ. "ಐದು ಇತ್ತು ಸರ್, ಐದು! ಒಂಬತ್ತು ವರ್ಷ ಆ ಗೊಂಡೆಯ ಗಂಟು ನೋಡಿಯೇ ನಾನು ರೋಜರಿ ಜಪ ಹೇಳಿದ್ದು. ಮರಿಯಮ್ಮನ ಪ್ರಾರ್ಥನೆ, ಹತ್ತು ನಮಾನ್ ಮರಿಯೆ ಆದ್ರೆ ಒಂದು ಗಂಟು. ಐದು ಗಂಟಿಗೆ ಇಡೀ ರೋಜರಿ. ಬುಧವಾರ ಸಾಯಂಕಾಲ ಹೇಳ್ತಾ ಹೋಗ್ತೇನೆ, ನಾಲ್ಕಕ್ಕೆ ಗಂಟೇ ಮುಗಿದಿದೆ! ಪ್ರಾರ್ಥನೆ ನಡುದಾರಿಯಲ್ಲಿ ನಿಂತ್ರೆ ಎಂತ ಆಗ್ಬೇಕು ಮನುಷ್ಯಳಿಗೆ?"

ಬುಧವಾರದಿಂದ ಅವಳು ಹೇಳುತ್ತಿದ್ದುದು ಇದೊಂದೇ ಮಾತು: ಗೋಡೆಯಲ್ಲಿರುವ ಯೇಸು ನನ್ನ ಯೇಸು ಅಲ್ಲ. ಯಾರೋ ಅಸಲಿಯನ್ನು ಒಯ್ದು ನಕಲಿಯನ್ನು ತೂಗುಹಾಕಿದ್ದಾರೆ. ಪೊಲೀಸರ ಹತ್ತಿರ ಹೋಗೋಣವೆಂದರೆ ಗಂಡ ರೊಕಿ ನಕ್ಕುಬಿಟ್ಟಿದ್ದ. "ಗೋಡೆಯ ಮೇಲೇ ಇರುವ ವಸ್ತು ಕಳುವಾಯ್ತು ಅಂತ ಬರೆಸ್ಲಿಕ್ಕೆ ಹೋದ್ರೆ ನಿನ್ನನ್ನೇ ಆಸ್ಪತ್ರೆಗೆ ಹಾಕ್ತಾರೆ."

ಹಾಗಾಗಿ ಕೇಸು ಎರಡು ಮಹಡಿ ಮೇಲೆ ಹತ್ತಿ ಲಕ್ಷ್ಮೀಪತಿಯ ಮನೆಗೆ ಬಂದಿತ್ತು. ದಾವಣಗೆರೆಯ ಈ ಮನುಷ್ಯ ಬಹ್ರೇನಿನ ಮನಾಮದ ಒಂದು ವಿಮಾ ಕಂಪನಿಯಲ್ಲಿ ಅಪಘಾತದ ಕಾರುಗಳನ್ನು ಪರೀಕ್ಷಿಸುವ ಸರ್ವೇಯರ್. ಎರಡು ವರ್ಷದ ಹಿಂದೆ ಬುಸೈತೀನ್ ಬಡಾವಣೆಯ ಇದೇ ಕಟ್ಟಡದ ನೀರಿನ ಟ್ಯಾಂಕಿನ ಮುಚ್ಚಳ ಕದ್ದವನನ್ನು ಮೂರೇ ದಿನದಲ್ಲಿ ಹಿಡಿದಿದ್ದ. ಅಂದಿನಿಂದ ನೆರೆಹೊರೆಯವರ ಪಾಲಿಗೆ ಅವನು ಪತ್ತೇದಾರ, ಅವನ ಪಾಲಿಗೂ.

ಚಿತ್ರವೇನೋ ವಿಚಿತ್ರದ್ದೇ. ಮೂರಡಿ ಎತ್ತರ. ಮುತ್ತು ತೆಗೆಯುವವರ ಹಳೆಯ ಕಾಲದ ಹಾಯಿದೋಣಿ. ಅದರ ಪಟದ ಕಂಬವೇ ಶಿಲುಬೆ. ಯೇಸುವಿನ ಕೆಳಗೆ ಸಮುದ್ರಕ್ಕೆ ಧುಮುಕಲು ನಿಂತ ಮುಳುಗುಗಾರರು, ಹಿಂದೆ ದಡದಲ್ಲಿ ಉರಿಯುತ್ತಿರುವ ಒಂದು ಮನೆ. ತಲೆಯ ಸುತ್ತ ಪ್ರಭಾವಳಿಯಿಲ್ಲ. ಸೊಂಟಕ್ಕೆ ಬಿಳಿ ತುಂಡಿನ ಬದಲು ಕಪ್ಪು ಪಟ್ಟೆಗಳ ಒಂದು ವಸ್ತ್ರ, ಅದರ ಮೂಲೆಯಿಂದ ಮೊಣಕಾಲಿನವರೆಗೆ ಇಳಿಬಿದ್ದ ಗಂಟುಗಂಟಿನ ಗೊಂಡೆ. ರೊಕಿ ಅದಕ್ಕೆ ಇಟ್ಟ ಹೆಸರು "ಬೈರಾಸಿನ ಯೇಸು". ಆಗಷ್ಟೇ ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡು ಬಂದಂತೆ ಕಾಣುತ್ತಾನಂತೆ.

"ಬೈರಾಸ್ ಅಲ್ಲ ಅದು," ಎಂದಳು ಪೆಟ್ರೊನಿಲ್ಲಾ, ಲಕ್ಷ್ಮೀಪತಿಯನ್ನು ಕೈಹಿಡಿದು ಇಳಿಸುತ್ತ. "ಯೆಹೂದಿಗಳು ಪ್ರಾರ್ಥನೆಗೆ ಹೊದೆಯುವ ಶಾಲು. ಸಬೀಹಾ ಮಾಮಾ ಹೇಳಿದ್ದು."

ಸಬೀಹಾ ಅಂದರೆ ಮನಾಮದ ಹಳೆಯ ಯೆಹೂದಿ ಮನೆತನದ ಮುದುಕಿ; ‘ಮಾಮಾ’ ಅಂದರೆ ಅಲ್ಲಿ ಅಮ್ಮ. ಹಾಸಿಗೆ ಹಿಡಿದ ಅವಳನ್ನು ಆರು ವರ್ಷ ನೋಡಿಕೊಂಡ ನರ್ಸು ಪೆಟ್ರೊನಿಲ್ಲಾ. ಚಿತ್ರ ಬರೆದವನು ಸಬೀಹಾಳ ಅಣ್ಣ ಮುರಾದ್. ನಲವತ್ತೇಳರಲ್ಲಿ ಮನಾಮದ ಯೆಹೂದಿಗಳ ಮೇಲೆ ಗಲಾಟೆಯಾದ ಮೇಲೆ ಊರು ಬಿಟ್ಟು ಲಂಡನ್ ಸೇರಿದವನು ತಿರುಗಿ ಬರಲಿಲ್ಲ.

"ನಾನು ಒಮ್ಮೆ ಕೇಳಿದೆ, ನಿಮ್ಮವರಿಗೆ ಯೇಸು ಯಾಕೆ ಮಾಮಾ ಅಂತ. ಅವರು ಹೇಳಿದ್ರು, ‘ಅವ ನಮ್ಮ ಹುಡುಗ, ಪೆಟ್ರೊನಿಲ್ಲಾ. ನಿಮ್ಮವರು ಕರ್ಕೊಂಡು ಹೋಗಿ ಅವನ ಶಾಲು ತೆಗೆದು ಬಿಳಿ ತುಂಡು ಸುತ್ತಿದ್ರು. ನನ್ನಣ್ಣ ಅವನ ಶಾಲು ಅವನಿಗೆ ವಾಪಸ್ ಕೊಟ್ಟ, ಅಷ್ಟೇ.’ ಸಾಯುವ ಹಿಂದಿನ ವಾರ ಇದನ್ನು ನನ್ನ ಕೈಯಲ್ಲಿ ಇಟ್ಟು, ‘ಅಮಾನ’ ಅಂದ್ರು. ನಾನು ಕೆಲಸದಿಂದ ಅಮಾನತು ಮಾಡಿದ್ರು ಅಂತ ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ ಗೊತ್ತಾದದ್ದು, ಅರಬ್ಬಿಯಲ್ಲಿ ಹಾಗಂದ್ರೆ ನಂಬಿ ಒಪ್ಪಿಸಿದ ವಸ್ತು. ಅಣ್ಣನ ಮಗಳು ಬಂದು ಕೇಳುವವರೆಗೆ ನನ್ನ ಹತ್ರ ಇರ್ಬೇಕು."

ಆ ಅಣ್ಣನ ಮಗಳು ವಯೊಲೆಟ್ ಈಗ ಬಹ್ರೇನಿಗೆ ಬಂದಿದ್ದಳು. ಭಾನುವಾರ ಸಂಜೆ ಈ ಮನೆಗೆ ಬರುವವಳು. ಇವತ್ತು ಶುಕ್ರವಾರ.

"ಒಂಬತ್ತು ವರ್ಷ ಕಾದದ್ದು ಎರಡು ದಿನಕ್ಕೆ ಕಳ್ಳಿ ಅನ್ನಿಸಿಕೊಳ್ಳಲಿಕ್ಕಾ ಸರ್?" ಪೆಟ್ರೊನಿಲ್ಲಾಳ ಧ್ವನಿ ಒಡೆಯಿತು. "ಗೊತ್ತಾಗ್ಲಿಕ್ಕಿಲ್ಲ, ಇದನ್ನೇ ಕೊಟ್ಟುಬಿಡು ಅಂತಾರೆ ರೊಕಿ. ಹೇಗೆ ಕೊಡುದು? ಸತ್ತವರಿಗೆ ಮಾತು ಕೊಟ್ರೆ ಬದಲಾಯಿಸ್ಲಿಕ್ಕೆ ಅವರನ್ನು ಎಲ್ಲಿ ಹೋಗಿ ಕೇಳುದು?"

ಸೋಫಾದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ ಲಕ್ಷ್ಮೀಪತಿಯ ಹೆಂಡತಿ ಜಯಮಾಲಾ ತಲೆಯೆತ್ತಿದಳು. ಕಂಪ್ಯೂಟರಿನ ಸಹವಾಸವಿಲ್ಲದ ಪೆಟ್ರೊನಿಲ್ಲಾಳ ಪರವಾಗಿ ವಯೊಲೆಟ್‌ಗೆ ಇಮೇಲ್ ಬರೆಯುತ್ತಿದ್ದವಳು ಅವಳೇ. "ರೀ, ನಿಮ್ಮಿಂದ ಆಗುತ್ತೋ ಇಲ್ವೋ ಮೊದಲೇ ಹೇಳ್ಬಿಡಿ. ಪಾಪ, ಅವರಿಗೆ ಸುಮ್ನೆ ಆಸೆ ತೋರಿಸ್ಬೇಡಿ."

"ಆಗ್ತದೆ," ಎಂದ ಲಕ್ಷ್ಮೀಪತಿ ಗಂಭೀರವಾಗಿ, ನೋಟ್‌ಬುಕ್ ತೆರೆದು. "ಮನೆ ಬೀಗದ ಕೈ ಯಾರ್ಯಾರ ಹತ್ರ ಐತ್ರೀ?"

"ಒಂದು ನನ್ನ ಹತ್ರ, ಒಂದು ರೊಕಿ ಹತ್ರ. ಇನ್ನೊಂದು ನಿಮ್ಮ ಮನೆ ಫ್ರಿಜ್ ಮೇಲೆಯೇ ಉಂಟಲ್ವಾ, ಯಾವಾಗ್ಲೂ."

ಲಕ್ಷ್ಮೀಪತಿ ಮೊದಲ ಎರಡು ಹೆಸರು ಬರೆದುಕೊಂಡ. ತನ್ನ ಮನೆಯ ಫ್ರಿಜ್ಜಿನ ಹೆಸರು ಬರೆಯುವ ಅಗತ್ಯ ಕಾಣಲಿಲ್ಲ.

"ರೊಕಿಯವರು ಎಲ್ಲಿ?"

"ಇಗರ್ಜಿಯಲ್ಲಿ ಪೂಜೆ ಮುಗಿದದ್ದೇ ಹೋದ್ರು. ಮೀನಾ ಸಲ್ಮಾನ್ ಬಂದರಿನ ಗೋಡೌನಿನಲ್ಲಿ ಅರ್ಜೆಂಟ್ ಕೆಲಸ ಅಂತೆ."

ಶುಕ್ರವಾರ ರಜೆಯ ದಿನ ಅರ್ಜೆಂಟ್ ಕೆಲಸ! ಲಕ್ಷ್ಮೀಪತಿ ರೊಕಿಯ ಹೆಸರಿನ ಕೆಳಗೆ ಒಂದು ಗೆರೆ ಎಳೆದ.

ಅಷ್ಟರಲ್ಲಿ ಬಾಗಿಲು ತಟ್ಟಿ, ಒಳಗಿಂದ ಯಾರೂ ಬನ್ನಿ ಎನ್ನುವ ಮೊದಲೇ ಕ್ಲೊಟಿಲ್ಡಾ ಒಳಗಿದ್ದಳು. ಪಕ್ಕದ ಫ್ಲಾಟಿನವಳು, ಪ್ರಾರ್ಥನಾ ಕೂಟದ ಮುಖ್ಯಸ್ಥೆ. ಈ ಚಿತ್ರಕ್ಕೆ ಬೆನ್ನು ಹಾಕಿಯೇ ಪ್ರಾರ್ಥನೆ ಮಾಡುತ್ತಿದ್ದ ಏಕೈಕ ಸದಸ್ಯೆ.

"ಹೋದದ್ದು ಒಳ್ಳೆಯದೇ ಆಯ್ತು," ಎಂದಳು ಕೂರುತ್ತ. "ಯೆಹೂದಿ ಬರೆದ ಯೇಸುವಿನ ಎದುರು ಮೊಣಕಾಲೂರುದು ಎಂತದ್ದು? ಅವನನ್ನು ನಂಬದವನ ಕೈ ಅದು."

"ಯೇಸು ಯಾರು ಮತ್ತೆ, ಯೆಹೂದಿಯೇ ಅಲ್ವಾ?" ಪೆಟ್ರೊನಿಲ್ಲಾ ತಿರುಗಿ ನಿಂತಳು. "ಮರಿಯಮ್ಮ ಯಾವ ಇಗರ್ಜಿಯ ಮೆಂಬರ್? ಅವರ ಹೆಸರು ನಮ್ಮೂರು ಕಿನ್ನಿಗೋಳಿಯ ರಿಜಿಸ್ಟರಿನಲ್ಲಿ ಉಂಟಾ?"

ಕ್ಲೊಟಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಳು. ಲಕ್ಷ್ಮೀಪತಿ ಈ ಅವಕಾಶ ಬಿಡಲಿಲ್ಲ. "ಬುಧವಾರ ಇಡೀ ದಿನ ನೀವು ಎಲ್ಲಿದ್ರಿ, ಮೇಡಂ?"

"ನನ್ನನ್ನು ಕೇಳುದಾ? ಬುಧವಾರ ನನ್ನ ದವಡೆ ಹಲ್ಲು ಕೀಳಿಸಿದ್ದು! ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕ್ಲಿನಿಕ್ಕಿನಲ್ಲಿ. ನೋಡಿ!" ಎಂದು ಬಾಯಿ ತೆರೆದು ಅವನ ಮುಖದ ಮುಂದೆ ಹಿಡಿದಳು.

ಲಕ್ಷ್ಮೀಪತಿ ಭೂತಗನ್ನಡಿಯಿಂದ ನೋಡಿದ. ಸಾಕ್ಷ್ಯ ಹಸಿಯಾಗಿಯೇ ಇತ್ತು. ಅವಳ ಹೆಸರು ಹೊಡೆದುಹಾಕಿದ.

ಅವನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆ. ಸ್ಟೂಲಿನ ಮೇಲಿದ್ದಾಗ ಮೂಗಿಗೆ ಬಡಿದ ವಾಸನೆ. ದಿನವೂ ಗ್ಯಾರೇಜುಗಳಲ್ಲಿ ಕುಡಿದ ವಾಸನೆ ಅದು. ಗುದ್ದಿದ ಕಾರಿಗೆ ಹೊಸ ಬಣ್ಣ ಹೊಡೆದು, ಏನೂ ಆಗಿಲ್ಲ ಸಾರ್ ಎನ್ನುವವರನ್ನು ಅವನು ಹಿಡಿಯುತ್ತಿದ್ದುದೇ ಈ ಮೂಗಿನಿಂದ.

"ಚಿತ್ರ ಇಳಿಸ್ರಿ," ಎಂದ.

ಇಳಿಸಿದರು. ಹಗುರವಾಗಿತ್ತು. ಅಸಲಿಯದು ಇದರ ಎರಡರಷ್ಟು ತೂಕ ಎಂದಳು ಪೆಟ್ರೊನಿಲ್ಲಾ. ಲಕ್ಷ್ಮೀಪತಿ ಅಂಚಿಗೆ ಉಗುರು ಒತ್ತಿದ. ಉಗುರಿನ ಗುರುತು ಉಳಿಯಿತು. ಬಣ್ಣ ಇನ್ನೂ ಎಳೆಯದು. ಆದರೆ ಚಿತ್ರದ ತುಂಬ ಹಳೆಯ ಬಣ್ಣ ಸೀಳಿದಂತೆ ಬಿರುಕುಗಳಿವೆಯಲ್ಲ? ಕನ್ನಡಿ ಹಿಡಿದು ನೋಡಿದ. ಬಿರುಕುಗಳನ್ನು ಒಂದೊಂದಾಗಿ, ಕೂದಲೆಳೆಯ ಕುಂಚದಲ್ಲಿ, ಬರೆಯಲಾಗಿತ್ತು.

"ಅಯ್ಯೋ ದೇವಾ," ಎಂದಳು ಪೆಟ್ರೊನಿಲ್ಲಾ, ಸಿಟ್ಟನ್ನೂ ಮರೆತು. "ಎಷ್ಟು ತಾಳ್ಮೆ ಮಾರಾಯ್ರೆ!"

ಹಿಂಬದಿಗೆ ಕಂದು ಕಾಗದ ಅಂಟಿಸಿತ್ತು. ಲಕ್ಷ್ಮೀಪತಿ ಮೂಲೆಯಿಂದ ಕಿತ್ತ. ಅರ್ಧ ಕಿತ್ತಾಗ ಪ್ಲೈವುಡ್ಡಿನ ಮೇಲೆ ಕೆಂಪು ಅಕ್ಷರಗಳು ಕಂಡವು. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್, ಅದರ ಪಕ್ಕದಲ್ಲಿ ಅಂಗಿಯ ಚಿತ್ರ. ಯಾವುದೋ ಮುಚ್ಚಿಹೋದ ಲಾಂಡ್ರಿಯ ಬೋರ್ಡು: ‘ಇಂದು ಕೊಡಿ, ನಾಳೆ ಬಿಳುಪು’.

"ಯೇಸುವಿನ ಬೆನ್ನಿಗೆ ಲಾಂಡ್ರಿ!" ಎಂದು ಕ್ಲೊಟಿಲ್ಡಾ ಎದೆ ಹಿಡಿದುಕೊಂಡಳು.

"ಹಳೆ ಬೋರ್ಡಿನ ಪ್ಲೈವುಡ್ಡು, ಬೋರ್ಡ್ ಬರೆಯೋ ಎನಾಮೆಲ್ ಬಣ್ಣ," ಎಂದ ಲಕ್ಷ್ಮೀಪತಿ. "ನಿಮ್ಮವರಲ್ಲಿ ಬೋರ್ಡ್ ಬರೆಯೋರು ಯಾರಿದ್ದಾರ್ರೀ?"

ಪೆಟ್ರೊನಿಲ್ಲಾ ಮತ್ತು ಕ್ಲೊಟಿಲ್ಡಾ ಆ ದಿನ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ.

"ಲಿಯೋನ್!"

*

ಅಪಘಾತದ ಕಾರು ನೋಡಿದರೆ ಸಾಕು, ತಪ್ಪು ಯಾವ ಚಾಲಕನದು ಎಂದು ಹೇಳಬಲ್ಲ ಲಕ್ಷ್ಮೀಪತಿ ಸ್ವತಃ ಡ್ರೈವಿಂಗ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿದ್ದ. ಹಾಗಾಗಿ ಕಾರು ಓಡಿಸುವವಳು ಜಯಮಾಲಾ. ಬುಸೈತೀನಿನಿಂದ ಸೇತುವೆ ದಾಟಿ ಮೀನಾ ಸಲ್ಮಾನಿಗೆ ಶುಕ್ರವಾರದ ಖಾಲಿ ರಸ್ತೆಯಲ್ಲಿ ಇಪ್ಪತ್ತು ನಿಮಿಷದ ದಾರಿ. ಅವತ್ತು ಮುಕ್ಕಾಲು ಗಂಟೆ ಹಿಡಿಯಿತು. ಒಂದೇ ರೌಂಡಬೌಟನ್ನು ಅವಳು ಮೂರು ಸಲ ಸುತ್ತಿದಳು.

"ಜಯಾ, ಎರಡನೇ ಎಕ್ಸಿಟ್ಟು."

"ಗೊತ್ತು. ರೀ, ನಾನೊಂದು ಮಾತು ಹೇಳ್ಲಾ? ಬಿಟ್ಬಿಡಿ ಈ ಕೇಸನ್ನ. ಭಾನುವಾರ ನಾವೇ ವಯೊಲೆಟ್‌ಗೆ ಎಲ್ಲಾ ಎಕ್ಸ್‌ಪ್ಲೇನ್ ಮಾಡೋಣ. ಅವರೇನು ಪೊಲೀಸ್ ಕಂಪ್ಲೇಂಟ್ ಕೊಡಲ್ಲ."

"ಇನ್ನೇನು ಕಳ್ಳ ಕೈಗೆ ಸಿಗ್ತಾನೆ, ಈಗ ಬಿಡೋದಾ? ಜನ ಏನಂತಾರೆ?"

"ಯಾವ ಜನ?" ಎಂದು ಕೇಳಿ ಜಯಮಾಲಾ ನಾಲ್ಕನೆಯ ಸಲ ಸುತ್ತಲು ಹೊರಟಿದ್ದಳು. ಹಿಂದಿನಿಂದ ಒಂದು ಪಿಕಪ್ ಹಾರ್ನ್ ಹೊಡೆದದ್ದಕ್ಕೆ ಎರಡನೇ ಎಕ್ಸಿಟ್ಟಿಗೆ ತಿರುಗಿದಳು.

ಲಿಯೋನನ ಅಂಗಡಿ ಗೋಡೌನುಗಳ ಸಾಲಿನ ಕೊನೆಯಲ್ಲಿತ್ತು. ಹಿಂದಿನ ಕೋಣೆಯಲ್ಲೇ ಅವನ ವಾಸ. ನಲವತ್ತರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ಐದು ಲಿಪಿಗಳಲ್ಲಿ ಬೋರ್ಡ್ ಬರೆಯುತ್ತಿದ್ದ, ಅವುಗಳಲ್ಲಿ ಮೂರನ್ನು ಅವನಿಗೆ ಓದಲು ಬಾರದು. ಪ್ರತಿ ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿಯ ಹಿಂದಿನ ಪರದೆ ಬರೆಯುವವನೂ ಅವನೇ. ಈಗ ಅಂಗಡಿಯ ತುಂಬ ಕಂಪ್ಯೂಟರಿನಲ್ಲಿ ಅಚ್ಚಾದ ಫ್ಲೆಕ್ಸ್ ಸುರುಳಿಗಳು. ಮೂಲೆಯಲ್ಲಿ ಕೈಯಿಂದ ಬರೆದ ಹಳೆಯ ಬೋರ್ಡುಗಳ ರಾಶಿ, ಅದರ ಮುಂದೆ ಒಂದು ಮೀನಿನ ಹೋಟೆಲಿನ ಆಳೆತ್ತರದ, ಹಮೂರ್ ಮೀನಿನ ಆಕಾರದ ಬೋರ್ಡು.

"ಲಾಂಡ್ರಿ ಬೋರ್ಡು ನಿಮ್ದೇನ್ರೀ?" ಎಂದ ಲಕ್ಷ್ಮೀಪತಿ ಪೀಠಿಕೆಯಿಲ್ಲದೆ.

ಲಿಯೋನನ ಕೈಯಲ್ಲಿದ್ದ ಚಹಾ ತುಳುಕಿತು. "ಯಾವ ಲಾಂಡ್ರಿ ಸರ್? ನನ್ನ ಬಟ್ಟೆ ನಾನೇ ಒಗೆಯುದು."

"ಸರಿ. ಒಂದು ಗೊಂಡೆ ಬರೆದು ತೋರಿಸ್ರಿ."

"ಎಂತ ಗೊಂಡೆ?"

"ಶಾಲಿನ ಮೂಲೆಯಲ್ಲಿ ಇರ್ತದಲ್ಲ, ಆ ಗೊಂಡೆ." ಲಕ್ಷ್ಮೀಪತಿ ನೋಟ್‌ಬುಕ್ಕು, ಪೆನ್ಸಿಲು ಮುಂದಿಟ್ಟ.

ಲಿಯೋನ್ ಪೆನ್ಸಿಲನ್ನು ನೋಡಿದ. ಬೇಡವೆನ್ನಬಹುದಿತ್ತು. ಆದರೆ ತಿಂಗಳುಗಟ್ಟಲೆ ಯಾರೂ ಅವನಿಗೆ ಕೈಯಿಂದ ಏನನ್ನಾದರೂ ಬರೆ ಎಂದಿರಲಿಲ್ಲ. ಬೆರಳು ತಾನಾಗಿ ಓಡಿತು. ಎಳೆಗಳ ಸುತ್ತು, ಗಂಟು, ಸುತ್ತು, ಗಂಟು. ನಾಲ್ಕು ಗಂಟು ಹಾಕಿ ತುದಿಯ ಎಳೆಗಳನ್ನು ಬಿಡಿಸಿ, ಹೆಮ್ಮೆಯಿಂದ ತಿರುಗಿಸಿ ಹಿಡಿದ. ಹಿಡಿದ ಮೇಲೆ ಅವನ ಮುಖ ಬಾಡಿತು.

"ಐದನೇದು ಎಲ್ಲಿ?" ಎಂದ ಲಕ್ಷ್ಮೀಪತಿ.

"ಐದನೇದು? ಇದ್ದದ್ದೇ ನಾಲ್ಕು ಸರ್! ಫೋಟೋದಲ್ಲಿ..." ಲಿಯೋನ್ ನಾಲಿಗೆ ಕಚ್ಚಿಕೊಂಡ.

"ಯಾವ ಫೋಟೋ? ಕೊಡ್ರಿ ಇಲ್ಲಿ."

ಡ್ರಾವರಿನಿಂದ ಫೋಟೋ ಬಂತು. ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿಸಿದ್ದು. ಪೆಟ್ರೊನಿಲ್ಲಾಳ ಗೋಡೆ, ಅಸಲಿ ಚಿತ್ರ. ಮುಂದೆ ಉರಿಯುತ್ತಿರುವ ಮೇಣದಬತ್ತಿ. ಅದರ ತುದಿ ಸರಿಯಾಗಿ ಗೊಂಡೆಯ ಕೆಳಭಾಗವನ್ನು ಮರೆಮಾಡಿತ್ತು. ಐದನೆಯ ಗಂಟು ಆ ಮೇಣದಬತ್ತಿಯ ಹಿಂದೆ ಸಿಕ್ಕಿಬಿದ್ದಿತ್ತು.

ಹಾಗಾದರೆ ಲಿಯೋನ್ ಅಸಲಿಯನ್ನು ಕಣ್ಣಾರೆ ಕಂಡೇ ಇಲ್ಲ. ಕಂಡಿದ್ದರೆ, ಬಿರುಕನ್ನೂ ಬಿಡದ ಮನುಷ್ಯ ಒಂದು ಗಂಟು ಬಿಡುತ್ತಿದ್ದನೆ?

"ಬರೆದದ್ದು ನಾನೇ ಸರ್," ಎಂದ ಲಿಯೋನ್ ಮೆಲ್ಲಗೆ. "ಕದ್ದದ್ದು ನಾನಲ್ಲ. ಮೂರು ವಾರ ಹಿಡಿಯಿತು. ವರ್ಷವರ್ಷ ನಾನು ಗೋದಲಿಗೆ ಯೇಸುವನ್ನು ಬರೀತೇನೆ, ಗುಲಾಬಿ ಕೆನ್ನೆ, ಹಾಲಿನ ಹಾಗೆ ಕೈಕಾಲು. ಇವನ ಕೈ ನೋಡಿ, ಹಗ್ಗ ಎಳೆದು ಎಳೆದು ದಡ್ಡು ಕಟ್ಟಿದೆ. ತಲೆಯ ಮೇಲಿನ ಹಲಗೆಯಲ್ಲಿ ಎಂತ ಬರೆದಿದೆಯೋ ನನಗೆ ಗೊತ್ತಿಲ್ಲ, ಅಕ್ಷರ ಮಾತ್ರ ಒಂದು ಚುಕ್ಕೆ ತಪ್ಪಿಸಲಿಲ್ಲ. ಹಿಂದೆ ಉರಿಯುವ ಮನೆ ಬರೆಯುವಾಗ ನನಗೆ ಅನ್ನಿಸಿತು, ಇದನ್ನು ಬರೆದವ ನಮ್ಮ ದೇವರನ್ನು ಬರೆದದ್ದಲ್ಲ, ತನ್ನ ಮನೆಯವರಲ್ಲಿ ಒಬ್ಬನನ್ನು ಬರೆದದ್ದು ಅಂತ. ಮೂರು ವಾರ ನಾನು ಪುನಃ ಪೈಂಟರ್ ಆಗಿದ್ದೆ ಸರ್."

ಲಕ್ಷ್ಮೀಪತಿಗೆ ಆ ಮನುಷ್ಯನ ಕೈ ಹಿಡಿದು ಕುಲುಕಬೇಕೆನ್ನಿಸಿತು. ಪತ್ತೇದಾರನಿಗೆ ಅದು ಶೋಭಿಸದು. ಪೆನ್ಸಿಲನ್ನು ವಾಪಸ್ ತೆಗೆದುಕೊಂಡ. "ಫೋಟೋ ತಂದು ಬರೆಸಿದ್ದು ಯಾರು?"

ಲಿಯೋನನ ಕಣ್ಣು ಹಮೂರ್ ಮೀನಿನ ಕಡೆ ಹೋಗಿ ಬಂತು. ಲಕ್ಷ್ಮೀಪತಿಯೂ ನೋಡಿದ. ಮೀನಿಗೆ ಎರಡು ಕಾಲುಗಳಿದ್ದವು. ಪಾಲಿಶ್ ಮಾಡಿದ ಕರಿ ಶೂ, ಪೂಜೆಗೆ ಹೋಗುವಂಥವು.

"ರೊಕಿಯವರೇ, ಮೀನಿನಿಂದ ಹೊರಗೆ ಬರ್ರಿ."

ಮೀನು ನಿಟ್ಟುಸಿರಿಟ್ಟು ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಬೆವರಿ ತೊಪ್ಪೆಯಾದ ರೊಕಿ ಬಂದ. ಹಡಗಿನ ಪೆಟ್ಟಿಗೆಗಳನ್ನು ಎಣಿಸಿಕೊಳ್ಳುವ ಗೋಡೌನಿನ ಸೂಪರ್‌ವೈಸರ್, ಗಟ್ಟಿ ಆಳು. ಈಗ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನಂತೆ ನಿಂತಿದ್ದ.

"ನಾನು ಬರೆಸಿದ್ದು ಹೌದು," ಎಂದ. "ಚಿತ್ರ ಲಂಡನಿಗೆ ಹೋಗ್ತದೆ ಅಂತ ಗೊತ್ತಾದ ದಿನದಿಂದ ಅವಳು ಅದರ ಎದುರು ಕೂತು ಅಳುದು ಸರ್. ಮಗಳು ಮದುವೆಯಾಗಿ ಹೋಗುವಾಗಲೂ ಇಷ್ಟು ಅತ್ತಿಲ್ಲ. ಅದಕ್ಕೇ, ಅಸಲು ಹೋದ ದಿನ ಅದೇ ಮೊಳೆಗೆ ಇದನ್ನು ಹಾಕುವ ಅಂತ ಮಾಡಿಸಿದ್ದು. ಮಂಗಳವಾರ ತಂದು ಮಂಚದ ಅಡಿಗೆ ಇಟ್ಟೆ. ಬುಧವಾರ ಕೆಲಸ ಮುಗಿಸಿ ಬಂದು ನೋಡಿದ್ರೆ ಮಂಚದ ಅಡಿಯಲ್ಲಿ ಏನಿಲ್ಲ, ನಕಲು ಗೋಡೆಯಲ್ಲಿ, ಅಸಲು ಮಾಯ!"

"ಹಂಗಿದ್ರೆ ಮೂರು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ರಿ?"

ರೊಕಿ ಶೂ ನೋಡಿಕೊಂಡ. "ಅವಳೇ ಬದಲಾಯಿಸಿದ್ದು ಅಂತ ಗ್ರಹಿಸಿದೆ. ಮಂಚದ ಅಡಿ ಗುಡಿಸುವಾಗ ಸಿಕ್ಕಿರಬೇಕು, ಆ ಹೆಂಗಸಿಗೆ ನಕಲು ಕೊಟ್ಟು ಅಸಲು ಇಟ್ಟುಕೊಳ್ಳುವ ಅಂತ ಆಸೆ ಹುಟ್ಟಿರಬೇಕು, ಕಳುವಾಯ್ತು ಅಂತ ಬೊಬ್ಬೆ ಹೊಡೆಯುದು ನಾಟಕ ಅಂತ. ಕೈಹಿಡಿದವಳನ್ನು ಹಿಡಿದು ಕೊಡ್ಲಿಕ್ಕೆ ಆಗ್ತದಾ ಸರ್?"

ಬಾಗಿಲ ಬಳಿ ನಿಂತಿದ್ದ ಜಯಮಾಲಾ, "ಅಯ್ಯೋ ರೊಕಿ!" ಎಂದು ಹಣೆಗೆ ಕೈ ಹಚ್ಚಿಕೊಂಡಳು.

*

ಬುಸೈತೀನಿಗೆ ಬಂದು ರೊಕಿ ಎಲ್ಲವನ್ನೂ ಹೆಂಡತಿಯ ಮುಂದೆ ಒಪ್ಪಿಕೊಂಡ. ಪೆಟ್ರೊನಿಲ್ಲಾಳ ಕೈಯಲ್ಲಿ ಮೀನು ಮಗುಚುವ ಸಟ್ಟುಗವಿತ್ತು. ಹಾಗಾಗಿ ಅವನು ಊಟದ ಮೇಜಿನ ಆಚೆ ಬದಿಯಿಂದ ಒಪ್ಪಿಕೊಂಡ.

ಅವಳು ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ, ಸಟ್ಟುಗವನ್ನು ಮೆಲ್ಲಗೆ ಕೆಳಗಿಟ್ಟಳು.

"ನಾನು ಹಾಗೆ ಮಾಡ್ತೇನೆ ಅಂತ ನೀವು ನಂಬಿದ್ರಾ?"

"ಬೇಕಂತ ಅಲ್ಲ, ಪೆಟ್ಟಿ..."

"ಇಪ್ಪತ್ತೆಂಟು ವರ್ಷ ಒಟ್ಟಿಗೆ ಇದ್ದು?" ಅವಳು ಗೋಡೆಯ ಕಡೆ ತಿರುಗಿದಳು. ಮತ್ತೆ ಮೊಳೆಗೆ ಸಿಕ್ಕಿಸಿದ್ದ ನಕಲಿ ಯೇಸುವನ್ನು ಬಹಳ ಹೊತ್ತು ನೋಡಿದಳು. "ಮತ್ತೆ ಇದನ್ನು ನನಗಾಗಿ ಬರೆಸಿದ್ದಾ? ಬೈರಾಸ್, ಬೈರಾಸ್ ಅಂತ ನಗಾಡ್ತಾ ಇದ್ದದ್ದು ನೀವೇ."

"ನಿನಗೆ ಬೇಕಲ್ಲ ಅದು. ನನಗೆ ಹೇಗೆ ಕಂಡ್ರೆ ಎಂತ?"

ಪೆಟ್ರೊನಿಲ್ಲಾ ಸೆರಗಿನಿಂದ ಮೂಗು ಒರೆ‌ಸಿಕೊಂಡಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಒಲೆಯ ಮೇಲಿನ ಬಂಗುಡೆಯನ್ನು ಮಗುಚಿ ಹಾಕಿ, ಗಂಡನಿಗೆ ಇನ್ನೊಂದು ತಟ್ಟೆ ಇಟ್ಟಳು.

ಲಕ್ಷ್ಮೀಪತಿ ಮಾತ್ರ ಪೇಚಿಗೆ ಬಿದ್ದಿದ್ದ. ನಕಲು ಮಾಡಿದವನು ಸಿಕ್ಕ, ಮಾಡಿಸಿದವನು ಸಿಕ್ಕ. ಬದಲಾಯಿಸಿದವನು? ಅಸಲಿ ಎಲ್ಲಿ? ನೋಟ್‌ಬುಕ್ಕಿನಲ್ಲಿ ಬರೆದ ಹೆಸರುಗಳೆಲ್ಲ ಮುಗಿದಿದ್ದವು. ಜಯಮಾಲಾಳನ್ನಾದರೂ ಕೇಳೋಣವೆಂದರೆ ಅವಳು ಕಾರು ನಿಲ್ಲಿಸಿ ಬರುತ್ತೇನೆಂದವಳು ಇನ್ನೂ ಮೇಲೆ ಬಂದಿರಲಿಲ್ಲ.

ಕಾಲಿಂಗ್ ಬೆಲ್ ಆಯಿತು.

ರೊಕಿ ಬಾಗಿಲು ತೆರೆದ. ಹೊರಗೆ ಅರುವತ್ತರ ಒಬ್ಬ ಹೆಂಗಸು ನಿಂತಿದ್ದಳು. ಕತ್ತರಿಸಿದ ಬಿಳಿ ಕೂದಲು, ಹತ್ತಿಯ ನೀಲಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಅರಬ್ಬಿಯಲ್ಲಿ ಸಲಾಂ ಹೇಳಿ ಇಂಗ್ಲಿಷಿಗೆ ತಿರುಗಿದಳು. "ನಾನು ವಯೊಲೆಟ್. ಮುರಾದನ ಮಗಳು. ಭಾನುವಾರ ಬರಬೇಕಿತ್ತು, ಕ್ಷಮಿಸಿ, ಕಾಯಲು ಆಗಲಿಲ್ಲ."

ಒಲೆಯ ಮೇಲೆ ಬಂಗುಡೆಯೊಂದೇ ಚುರುಗುಟ್ಟುತ್ತಿತ್ತು.

ರೊಕಿ ಕಣ್ಣಲ್ಲೇ ಬೇಡಿಕೊಂಡ, ಸುಮ್ಮನಿರು, ಗೋಡೆಯಲ್ಲಿ ಚಿತ್ರ ಇದೆಯಲ್ಲ. ಪೆಟ್ರೊನಿಲ್ಲಾ ಅವನ ಕಡೆ ನೋಡಲೇ ಇಲ್ಲ. ನೇರವಾಗಿ ಹೋಗಿ ಬಂದವಳ ಎರಡೂ ಕೈ ಹಿಡಿದುಕೊಂಡಳು.

"ಮೇಡಂ, ಗೋಡೆಯಲ್ಲಿರುವುದು ನಿಮ್ಮ ತಂದೆಯದಲ್ಲ. ನಿಮ್ಮ ಅತ್ತೆ ಒಪ್ಪಿಸಿದ ಅಮಾನವನ್ನು ಕಾಪಾಡಲಿಕ್ಕೆ ನನ್ನಿಂದ ಆಗಲಿಲ್ಲ. ಕಳ್ಳಿ ಅಂತ ಬೇಕಾದರೆ ಹೇಳಿ. ಆದರೆ ಸುಳ್ಳು ಚಿತ್ರವನ್ನು ನಿಮ್ಮ ಕೈಗೆ ಕೊಡಲಾರೆ."

ವಯೊಲೆಟ್ ಚಿತ್ರವನ್ನು ನೋಡಿದಳು, ಹತ್ತಿರ ಹೋಗಿ ನೋಡಿದಳು, ಮೆಲ್ಲಗೆ ನಕ್ಕಳು. "ಒಳ್ಳೆಯ ಕೈ. ಅಪ್ಪನಿಗೆ ಇದು ಇಷ್ಟವಾಗುತ್ತಿತ್ತು. ಅವರ ಕಾಲದಲ್ಲಿ ಎಷ್ಟೋ ಯೆಹೂದಿ ಕಲಾವಿದರು ಯೇಸುವನ್ನು ಬರೆದರು. ನಮ್ಮವರು, ಅವನನ್ನು ಯಾಕೆ ಬರೆದೆ ಎಂದು ಬೈದರು. ನಿಮ್ಮವರು, ಅವನಿಗೆ ಇದೇನು ವೇಷ ಎಂದು ಬೈದರು. ಎರಡೂ ಕಡೆಯ ಬೈಗುಳ ತಿಂದ ಈ ಚಿತ್ರ ಅತ್ತೆಯ ಮನೆ ಬಿಟ್ಟರೆ ಯಾವ ಮನೆಯಲ್ಲೂ ಒಂದು ವರ್ಷ ನಿಂತದ್ದಿಲ್ಲ. ನಿಮ್ಮ ಮನೆಯಲ್ಲಿ ಒಂಬತ್ತು ವರ್ಷ, ಅದೂ ದಿನಾ ಮೇಣದಬತ್ತಿ ಹಚ್ಚಿಸಿಕೊಂಡು!" ನಂತರ ಅವಳ ಹುಬ್ಬು ಗಂಟಿಕ್ಕಿತು. "ಆದರೆ ಕಳುವಾಯಿತು ಎಂದು ಯಾಕೆ ಹೇಳುತ್ತೀರಿ? ಬುಧವಾರ ಸಂಜೆ ನೀವೇ ನನ್ನ ಹೋಟೆಲಿಗೆ ಕಳಿಸಿದ್ದೀರಲ್ಲ."

"ನಾನಾ?"

"ಹಳೆಯ ಹೊದಿಕೆಯಲ್ಲಿ ಸುತ್ತಿ ರಿಸೆಪ್ಷನ್ನಿನಲ್ಲಿ ಬಿಟ್ಟುಹೋಗಿದ್ದರು. ಜತೆಗೆ ನಿಮ್ಮ ಈ ಚೀಟಿ. ಇದನ್ನು ಓದಿ ಎರಡು ದಿನ ಹೆದರಿ ಕೂತಿದ್ದೆ. ಇವತ್ತು ಧೈರ್ಯ ಮಾಡಿ ಬಂದೆ."

ಚೀಲದಿಂದ ಮಡಿಸಿದ ಕಾಗದ ಹೊರಬಂತು. ಲಕ್ಷ್ಮೀಪತಿ ಕೈ ಚಾಚಿ ಈಸಿಕೊಂಡು ಗಟ್ಟಿಯಾಗಿ ಓದಿದ. ಇಂಗ್ಲಿಷಿನಲ್ಲಿ ಬರೆದ ನಾಲ್ಕೇ ಸಾಲು.

"ಮೇಡಂ, ಚಿತ್ರ ನಿಮ್ಮದು, ಜೋಪಾನ ಮಾಡಿಕೊಳ್ಳಿ. ಈ ಮನೆಗೆ ಬರಬೇಡಿ. ಚಿತ್ರ ನಿಮ್ಮಲ್ಲಿದೆ ಎಂದು ಯಾರಿಗೂ ತಿಳಿಸಬೇಡಿ. ಮುಖ್ಯವಾಗಿ, ಪತ್ತೆ ಮಾಡುತ್ತೇನೆಂದು ಹೇಳಿಕೊಂಡು ಬರುವ ದಪ್ಪ ಮನುಷ್ಯನಿಗೆ. ಇಂತಿ, ಪೆಟ್ರೊನಿಲ್ಲಾ."

ರೊಕಿ ಲಕ್ಷ್ಮೀಪತಿಯ ಹೊಟ್ಟೆ ನೋಡಿದ. ವಯೊಲೆಟ್ ಕೂಡ ನೋಡಿ, ಒಂದು ಹೆಜ್ಜೆ ಹಿಂದೆ ಸರಿದಳು.

"ಇದು ನಾನು ಬರೆದದ್ದಲ್ಲ!" ಎಂದು ಪೆಟ್ರೊನಿಲ್ಲಾ ಕೂಗಿದಳು. "ನನಗೆ ಇಷ್ಟು ಚೆಂದದ ಇಂಗ್ಲಿಷ್ ಬರ್ತಿದ್ರೆ ನಾನು ಯಾವಾಗ್ಲೋ ಮೇಟ್ರನ್ ಆಗ್ತಿದ್ದೆ!"

ಲಕ್ಷ್ಮೀಪತಿಗೆ ಆ ಮಾತು ಕೇಳಿಸಲಿಲ್ಲ. ಅವನು ಅಕ್ಷರಗಳನ್ನು ನೋಡುತ್ತಿದ್ದ. ‘ಐ’ ಅಕ್ಷರದ ತಲೆಯ ಮೇಲೆ ಚುಕ್ಕೆಯ ಬದಲು ಪುಟ್ಟ ಪುಟ್ಟ ಸೊನ್ನೆಗಳು. ಇಪ್ಪತ್ತೇಳು ವರ್ಷಗಳಿಂದ ಅಡುಗೆಮನೆಯ ಡಬ್ಬಿಗಳ ಮೇಲೆ, ಅವನ ಔಷಧಿಯ ಪೊಟ್ಟಣಗಳ ಮೇಲೆ, ಅವನ ಟಿಫಿನ್ ಕ್ಯಾರಿಯರಿನ ಮೇಲೆ ಕಾಣುತ್ತ ಬಂದ ಸೊನ್ನೆಗಳು.

ತಲೆಯೆತ್ತಿದ. ತೆರೆದ ಬಾಗಿಲಲ್ಲಿ ಜಯಮಾಲಾ ನಿಂತಿದ್ದಳು.

"ಓದಿ ಆಯ್ತಾ?" ಎಂದಳು.

"ಜಯಾ... ಇದು..."

"ನಾನೇ ಬರೆದದ್ದು. ಚಿತ್ರ ಬದಲಾಯಿಸಿದ್ದೂ ನಾನೇ. ಫ್ರಿಜ್ ಮೇಲಿನ ಕೀ ತಗೊಂಡು ಬಂದೆ, ಸುತ್ತೋಕೆ ಹೊದಿಕೆ ಹುಡುಕುವಾಗ ಮಂಚದ ಕೆಳಗೆ ಈ ನಕಲು ಸಿಕ್ತು. ಪೆಟ್ರೊನಿಲ್ಲಾ, ಸಾರಿ, ನಿಮಗೆ ಹೇಳಿದ್ರೆ ಇವರ ಕಿವಿಗೂ ಬೀಳ್ತಿತ್ತು. ಬುಧವಾರ ಬೆಳಿಗ್ಗೆ ಯಾರೋ ನಮ್ಮ ಮನೆಗೆ ಫೋನ್ ಮಾಡಿ, ಆ ಚಿತ್ರ ಯಾವ ಫ್ಲಾಟಿನಲ್ಲಿದೆ ಅಂತ ಕೇಳಿದ್ರು." ಒಳಗೆ ಬಂದು ಬಾಗಿಲು ಹಾಕಿ ಚಿಲಕ ಎಳೆದಳು. ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿದಳು. "ಬೆಳಿಗ್ಗೆಯಿಂದ ಒಂದು ಕಾರು ನಮ್ಮ ಹಿಂದೆಯೇ ಇದೆ. ಮೀನಾ ಸಲ್ಮಾನಿಗೂ ಬಂತು, ಈಗ ಕೆಳಗೆ ನಿಂತಿದೆ. ರೀ, ನಿಜ ಹೇಳಿ. ಈ ವಾರ ಈ ಚಿತ್ರದ ವಿಷಯ ಆಫೀಸಿನಲ್ಲಿ ಯಾರ ಹತ್ರ ಬಾಯಿ ಬಿಟ್ರಿ?"

"ಯಾರ ಹತ್ರಾನೂ ಇಲ್ಲ," ಎಂದ ಲಕ್ಷ್ಮೀಪತಿ. ಹೇಳಿದ ಮೇಲೆ ನೆನಪಾಯಿತು. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬನ ಹತ್ತಿರ ಹೇಳಿದ್ದ. ಒಬ್ಬನೇ ಒಬ್ಬನ ಹತ್ತಿರ, ಅದೂ ತಮಾಷೆಗೆ.

ಆ ಹೆಸರು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದ. ತೆರೆಯ ಮೇಲೆ ಅದೇ ಹೆಸರಿತ್ತು.